ಎಡಗಡೆಯ ಸ್ಪೀಕರ್

ಆ ದಿನಗಳಲ್ಲಿ ಅಪ್ಪನ ಯಾವ ಪಕ್ಕದಲ್ಲಿ ನಡೆಯಬೇಕು ಎಂದು ನಾನು ಯೋಚಿಸುತ್ತಿರಲಿಲ್ಲ. ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋಗುವಾಗ ಒಂದಷ್ಟು ದೂರ ಅವನ ಬಲಕ್ಕೆ, ಒಂದಷ್ಟು ದೂರ ಎಡಕ್ಕೆ, ಬೇಜಾರಾದರೆ ಮುಂದೆ ಓಡಿ ಅವನ ಮುಖ ನೋಡುತ್ತಾ ಹಿಂದು ಹಿಂದಕ್ಕೆ ನಡೆಯುತ್ತಿದ್ದೆ. ಅವರೆಕಾಯಿ ಕಾಲ. ನಮ್ಮ ಕೋಲಾರದ ಕಡೆ ಆ ತಿಂಗಳಲ್ಲಿ ಮಂಜಿಗೂ ಅವರೆಯ ಸೊಗಡು ಹತ್ತಿಕೊಂಡಿರುತ್ತದೆ.

ಆ ಶನಿವಾರವೂ ಹಾಗೇ ಹೋಗಿದ್ದೆವು. ವಾಪಸ್ಸು ಬರುವಾಗ ಅಪ್ಪ ಖಾಲಿ ಕ್ಯಾನನ್ನು ನನ್ನ ಕೈಗೆ ಕೊಟ್ಟು, "ಸ್ಕೂಲ್ ಬಿಟ್ಟ ತಕ್ಷಣ ಬಂದ್ಬಿಡು ಶೋಭೀ. ದಾರೀಲಿ ಆಡ್ಕೊಂಡು ನಿಂತ್ಕೋಬೇಡ. ಖಾದರು ಸ್ಪೀಕರ್ ತರ್ತಾನೆ" ಅಂದ.

"ನಾನ್ಯಾಕಪ್ಪ?"

"ನಿನ್ ಕಿವಿ ಬೇಕು ಕಣೇ. ಎಳೇ ಕಿವಿ. ನಮ್ದೆಲ್ಲ ಮೈಕ್‌ಸೆಟ್ ಕೇಳಿ ಕೇಳಿ ತುಕ್ಕು ಹಿಡಿದಿದೆ."

ನಾನು ನಕ್ಕೆ, ಅವನೂ ನಕ್ಕ. ಎಲ್ಲ ಮಾಮೂಲಾಗಿದ್ದ ಕೊನೆಯ ಬೆಳಗು ಅದು.

ಕ್ಯಾಲನೂರಿನ ಹತ್ತಿರದ ನಮ್ಮೂರಲ್ಲಿ ಅಪ್ಪ ರೇಷ್ಮೆ ಬೆಳೆಯುತ್ತಿದ್ದ. ಹುಳು ಸಾಕುವುದು ಕೆಲಸ, ಆಂಪ್ಲಿಫೈಯರ್ ಕಟ್ಟುವುದು ಹುಚ್ಚು. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಹುಳು ಬರುವವರೆಗೆ ಹುಳುವಿನ ಮನೆ ಖಾಲಿ ಇರುತ್ತದಲ್ಲ, ಆ ಬಿಡುವಿನಲ್ಲಿ ಅಲ್ಲೇ ಮೇಜು ಹಾಕಿಕೊಂಡು ಬೆಸುಗೆ ಹಾಕುತ್ತಿದ್ದ. ಹಾಗೆ ವರ್ಷಗಟ್ಟಲೆ ಕೂತು ಒಂದು ವಾಲ್ವ್ ಆಂಪ್ಲಿಫೈಯರ್ ಮುಗಿಸಿದ್ದ. ಸ್ವಿಚ್ ಹಾಕಿದರೆ ಗಾಜಿನ ಬುರುಡೆಗಳೊಳಗೆ ಕೆಂಡದ ಎಳೆಯೊಂದು ನಿಧಾನಕ್ಕೆ ಮೂಡುತ್ತಿತ್ತು. ಕಾದ ಧೂಳಿನ ವಾಸನೆ ಬರುತ್ತಿತ್ತು. ದನಿ ಶುದ್ಧ, ಶಕ್ತಿ ಮಾತ್ರ ಕಡಿಮೆ. ಅದಕ್ಕೊಪ್ಪುವ ಸ್ಪೀಕರ್ ಇಲ್ಲದೆ ಹಳೇ ರೇಡಿಯೋದ ಸ್ಪೀಕರನ್ನೇ ಸಿಕ್ಕಿಸಿ ಕೇಳುತ್ತಿದ್ದೆವು.

ಖಾದರ್ ಮಾಮ ಅಪ್ಪನ ಜೊತೆ ಓದಿದವರು. ಶ್ರೀನಿವಾಸಪುರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಬೆಂಗಳೂರಿನಲ್ಲಿ ಅವರ ಪರಿಚಯದವರೊಬ್ಬರ ಹತ್ತಿರ ತುಂಬ ಒಳ್ಳೆಯ ಸ್ಪೀಕರುಗಳಿದ್ದವು. ಎರಡು ಜೊತೆ ಒಯ್ದು ಕೇಳಿ, ಒಂದು ಇಟ್ಟುಕೊಂಡು ಇನ್ನೊಂದನ್ನು ಸೋಮವಾರ ಬೆಳಗ್ಗೆ ವಾಪಸ್ಸು ತನ್ನಿ ಎಂದಿದ್ದರಂತೆ. ಅದೇ ಸೋಮವಾರ ನಮ್ಮ ಮನೆಗೆ ಚಾಕಿ ಹುಳು, ಅಂದರೆ ಎಳೆ ಹುಳು, ಬರುವುದಿತ್ತು. ಹುಳು ಬಂದ ಮೇಲೆ, ರೋಗ ತಗಲೀತೆಂದು, ಆ ಬಾಗಿಲೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಅಷ್ಟರೊಳಗೆ ಅಪ್ಪ ಆರಿಸಬೇಕಿತ್ತು. ತಪ್ಪಿದರೆ ಅಂಥ ಸ್ಪೀಕರು ಮತ್ತೆ ನಮ್ಮೂರಿನ ದಾರಿ ಹಿಡಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ನಾನು ಬರುವ ಹೊತ್ತಿಗೆ ಮಾಮನ ವ್ಯಾನು ಅಂಗಳದಲ್ಲಿತ್ತು. ಹುಳುವಿನ ಮನೆಗೆ ಆಗಷ್ಟೇ ಸುಣ್ಣ ಬಳಿದಿದ್ದರು. ಒಳಗೆ ಹೋದರೆ ಸುಣ್ಣದ ಜೊತೆ ಬ್ಲೀಚಿಂಗ್ ಪೌಡರಿನ ವಾಸನೆಗೆ ಕಣ್ಣು ಉರಿಯುತ್ತಿತ್ತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೆಲ್ಲ ತೊಳೆದು ಎಡಗಡೆ ಗೋಡೆಗೆ ಒರಗಿಸಿದ್ದರು. ನಾವು ಮಕ್ಕಳು ಕಣ್ಣಾಮುಚ್ಚಾಲೆಯಲ್ಲಿ ಅವುಗಳ ಹಿಂದೆಯೇ ಅಡಗುತ್ತಿದ್ದುದು.

ಮೊದಲನೇ ಜೊತೆ ಸಣ್ಣದು, ಕಲ್ಲಿನಂತೆ ಭಾರ, ಕನ್ನಡಿಯಂಥ ಮೆರುಗು. ಹಾಕಿದರೆ ಹಾಡು ಕಂಬಳಿ ಹೊದ್ದುಕೊಂಡಂತೆ ಬಂತು.

"ಇದು ತಿನ್ನೋ ಕರೆಂಟು ನಮ್ಮ ವಾಲ್ವ್ ಕೊಡಲ್ಲ ಖಾದರ್" ಎಂದ ಅಪ್ಪ. "ನಮ್ದು ಬಡಕಲು. ಪಿಸುಗುಟ್ಟಿದ್ರೆ ಮಾತಾಡೋ ಸ್ಪೀಕರ್ ಬೇಕು ಇದಕ್ಕೆ."

"ಹಂಗಾದ್ರೆ ಇದು ನೋಡು ರಾಜಣ್ಣ" ಎಂದು ಮಾಮ ಎರಡನೇ ಜೊತೆ ಸೇರಿಸಿದರು. ನನ್ನೆತ್ತರದ ಪೆಟ್ಟಿಗೆಗಳು, ಅಗಲವಾದ ಕಾಗದದ ಕೋನು, ಮೇಲೊಂದು ಕಹಳೆ. ತಂಬೂರಿ ಹಿಡಿದು ಹೆಂಗಸೊಬ್ಬಳು ಹಾಡಿದ ಸಿ.ಡಿ. ಹಾಕಿದರು. ಅವಳು ಉಸಿರು ಎಳೆದುಕೊಂಡದ್ದು ಮೊದಲು ಕೇಳಿಸಿತು. ಅವರೆಕಾಳು ಹಿದುಕುತ್ತಿದ್ದ ಅಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, "ಯಾರದು ಒಳಗೆ?" ಅಂದಳು.

ಮಾಮ ತೊಡೆ ತಟ್ಟಿಕೊಂಡರು. "ನೋಡಿದ್ಯಾ! ಅತ್ತಿಗೇನೇ ಮೋಸ ಹೋದ್ರು. ಇದೇ ಇಟ್ಕೋ."

ಅಪ್ಪ ನಗಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ, "ಎಡಗಡೆದು ಮಂಕಾಗಿದೆ" ಅಂದ.

ಸ್ಪೀಕರುಗಳನ್ನು ಅದಲು ಬದಲು ಮಾಡಿದರು. ಎಡಗಡೆದೇ ಮಂಕು ಎಂದ. ಆಂಪ್ಲಿಫೈಯರಿನ ಹಿಂದೆ ವೈರು ಬದಲಾಯಿಸಿದರು. ಆಗಲೂ ಎಡಗಡೆದೇ.

"ಸ್ಪೀಕರ್ ಅಲ್ಲ, ಆಂಪ್ಲಿಫೈಯರೂ ಅಲ್ಲ. ಮನೇದೇ ದೋಷ" ಎಂದು ಅಪ್ಪ ಎದ್ದ. ಬೋಳು ಗೋಡೆ ಸದ್ದನ್ನು ವಾಪಸ್ಸು ಎಸೆಯುತ್ತದೆ, ಚಂದ್ರಿಕೆ ಇರುವ ಗೋಡೆ ನುಂಗುತ್ತದೆ, ಎಡಗಡೆಯ ದನಿಯನ್ನು ಚಂದ್ರಿಕೆಗಳು ತಿನ್ನುತ್ತಿವೆ ಎಂಬುದು ಅವನ ಲೆಕ್ಕ. ಕೇಳಿದರೆ ನಿಜ ಅನ್ನಿಸುವ ಮಾತೇ. ಮೂವರೂ ಸೇರಿ ಅಷ್ಟೂ ಚಂದ್ರಿಕೆಗಳನ್ನು ಬಲಗಡೆ ಗೋಡೆಗೆ ಹೊತ್ತೆವು. ಹಸಿ ಸುಣ್ಣ ಮೈಗೆಲ್ಲ ಮೆತ್ತಿಕೊಂಡಿತು. ಅಮ್ಮ ಹೊರಗಿನಿಂದ, "ತೊಳೆದಿಟ್ಟಿರೋದನ್ನ ನೆಲಕ್ಕೆ ಉಜ್ಜಬೇಡ್ರೀ! ಹುಳೂಗೆ ರೋಗ ಬಂದ್ರೆ ನಿಮ್ ಸ್ಪೀಕರ್ ಗೂಡು ಕಟ್ಟುತ್ತಾ?" ಎಂದು ಕೂಗಿದಳು.

ಅಪ್ಪ ತಿರುಗಿಯೂ ನೋಡದೆ ಇನ್ನೊಂದು ಚಂದ್ರಿಕೆ ಎತ್ತಿಕೊಂಡ.

"ಬೇಕಾಗಿದ್ದು ಮಾತ್ರ ಕೇಳ್ಸುತ್ತೆ ಇವ್ರಿಗೆ" ಎಂದು ಅಮ್ಮ ಒಳಗೆ ಹೋದಳು. ಆ ವರ್ಷವೆಲ್ಲ ಅವಳು ಹಾಗೇ ಅನ್ನುತ್ತಿದ್ದಳು.

ಮತ್ತೆ ಹಾಡು ಹಾಕಿದರು. ಈಗ ಎಡಗಡೆಯದೇ ಚುರುಕು ಅನ್ನಿಸುವಷ್ಟು ನನಗೆ ಸ್ಪಷ್ಟವಾಗಿ ಕೇಳಿಸಿತು. ಮಾಮ ಅಪ್ಪನ ಮುಖ ನೋಡುತ್ತಿದ್ದರು. ಎಡಗಡೆದು ಇನ್ನೂ ಮಂಕೇ ಎಂದು ಅಪ್ಪ ತಲೆ ಅಲ್ಲಾಡಿಸಿದ.

"ಏಯ್, ಏನಪ್ಪಾ ನಿನ್ ಕತೆ!" ಮಾಮನ ದನಿ ಏರಿತು. "ಮದುವೆ ಹೆಣ್ಣು ನೋಡೋಕೆ ಬಂದೋರ ಥರ ಆಡ್ತೀಯ. ಏನಿದೆ ಕೊರತೆ ಇದ್ರಲ್ಲಿ?"

"ಶೋಭೀ, ಬಾ ಇಲ್ಲಿ, ಕೂತ್ಕೋ. ಕಣ್ ಮುಚ್ಕೊಂಡು, ಹಾಡ್ತಿರೋಳು ಎಲ್ಲಿದಾಳೆ ಅಂತ ಬೆರಳು ತೋರ್ಸು."

ನಾನು ಕಣ್ಣು ಮುಚ್ಚಿ ತೋರಿಸಿದೆ. ಕಣ್ಣು ಬಿಟ್ಟಾಗ ನನ್ನ ಬೆರಳು ಎರಡು ಪೆಟ್ಟಿಗೆಗಳ ನಟ್ಟ ನಡುವೆ, ಬರೀ ಸುಣ್ಣದ ಗೋಡೆಯ ಕಡೆ ಇತ್ತು.

"ಸರಿಯಾಗಿ ಕೇಳು."

"ನಡೂಲೇ ಇದಾಳಪ್ಪ."

"ಸುಳ್ ಹೇಳ್ಬೇಡ ಲೇ!"

ಅಪ್ಪ ಅದಕ್ಕೆ ಮುಂಚೆ ನನ್ನನ್ನು ಹಾಗೆ ಗದರಿದ್ದಿಲ್ಲ. ಮಾಮ ಎದ್ದು ಹಾಡು ನಿಲ್ಲಿಸಿದರು. "ನಾಳೆ ಸಾಯಂಕಾಲ ಬರ್ತೀನಿ ರಾಜಣ್ಣ. ತೀರ್ಮಾನ ಮಾಡಿಟ್ಟಿರು. ಆಗ್ಲಿಲ್ಲಾಂದ್ರೆ ಎರಡೂ ತಗೊಂಡು ಹೋಗ್ತೀನಿ" ಎಂದು ಹೊರಟರು. ಆ ದಿನ ಹಿದುಕವರೆ ಸಾರು, ಮುದ್ದೆ. ಅಪ್ಪನಿಗೆ ಪ್ರಾಣವಾಗಿದ್ದ ಊಟ. ತಟ್ಟೆಯಲ್ಲಿ ಮುದ್ದೆ ಮುರಿದು ಮುರಿದು ಇಟ್ಟು ಎದ್ದುಬಿಟ್ಟ.

ಭಾನುವಾರ ಬೆಳಗ್ಗೆ ಅಪ್ಪ ಡೇರಿಗೆ ಅಮ್ಮನನ್ನು ಕಳಿಸಿದ. ನಾನು ಹುಳುವಿನ ಮನೆಗೆ ಹೋದರೆ ಹಾಡು ನಡೆಯುತ್ತಿತ್ತು. ಚಂದ್ರಿಕೆಗಳು ಈಗ ಎರಡೂ ಗೋಡೆಗಳಿಗೆ ಸಮವಾಗಿ ನಿಂತಿದ್ದವು. ಒಬ್ಬನೇ ಹೊತ್ತಿದ್ದನೇನೋ, ಅಂಗಿಯೆಲ್ಲ ಸುಣ್ಣ. ನನ್ನನ್ನು ಅವನು ನೋಡಲಿಲ್ಲ. ನಾನು ಬಾಗಿಲಲ್ಲೇ ನಿಂತೆ.

ಅಪ್ಪ ಎದ್ದು ಕುರ್ಚಿಯನ್ನು ತಿರುಗಿಸಿದ. ಸ್ಪೀಕರುಗಳಿಗೆ ಬೆನ್ನು ಹಾಕಿ, ಬಾಗಿಲ ಕಡೆ ಮುಖ ಮಾಡಿ ಕೂತ. ಕಣ್ಣು ಮುಚ್ಚಿದ್ದ. ಹಾಡು ಮೇಲಕ್ಕೆ ಹತ್ತುತ್ತಿತ್ತು. ಅವನ ಎಡಗೈ ಮೆಲ್ಲಗೆ ಎದ್ದು, ಇಷ್ಟು ಹೊತ್ತೂ ಸರಿಯಾಗಿದೆ ಎನ್ನುತ್ತಿದ್ದ ಸ್ಪೀಕರಿನ ಕಡೆ ಚಾಚಿ, ಅಲ್ಲೇ ನಿಂತಿತು. ತಿರುಗಿ ಕೂತ ಮೇಲೆ ಮಂಕು ಆ ಕಡೆಗೆ ಬಂದಿತ್ತು.

ಆಮೇಲೆ ಆ ಕೈಯ ಬೆರಳುಗಳನ್ನು ಬಲ ಕಿವಿಯ ಹತ್ತಿರ ತಂದು ಉಜ್ಜಿದ. ಎಡ ಕಿವಿಯ ಹತ್ತಿರ ತಂದು ಉಜ್ಜಿದ. ಮತ್ತೆ ಬಲ, ಮತ್ತೆ ಎಡ. ಕಣ್ಣು ಬಿಟ್ಟಾಗ ಎದುರಿಗೆ ನಾನಿದ್ದೆ.

ಅವನು ಎದ್ದು ಸಿ.ಡಿ. ನಿಲ್ಲಿಸಿ ಬಂದು ಕೂತ. "ಬಾ ಶೋಭೀ. ಈ ಕಿವೀಲಿ ಏನಾದ್ರೂ ಹೇಳು. ಮೆತ್ತಗೆ."

ನಾನು ಎಡ ಕಿವಿಯ ಹತ್ತಿರ ಬಾಯಿಟ್ಟು "ಅಪ್ಪ" ಅಂದೆ. ಸುಣ್ಣದ ಜೊತೆ ಅವನ ಬೆವರಿನ ವಾಸನೆ ಬಂತು.

ಅವನು ಕಾಯುತ್ತಲೇ ಇದ್ದ. "ಹೇಳು, ಮಗಾ" ಅಂದ.

"ಹೇಳ್ದೆ."

ಅದೂ ಅವನಿಗೆ ಕೇಳಿಸಲಿಲ್ಲ. ನಾನು ಎದುರಿಗೆ ಬಂದು ನಿಂತು ಇನ್ನೊಮ್ಮೆ, "ಹೇಳ್ದೆ ಅಪ್ಪ" ಎಂದಾಗ ನನ್ನ ತುಟಿ ನೋಡಿದ. ಆಮೇಲೆ ನನ್ನ ತಲೆ ಸವರಿ, "ನೀನು ನಿನ್ನೆ ನಿಜಾನೇ ಹೇಳಿದ್ದೆ ಬಿಡು" ಅಂದ.

ಸಾಯಂಕಾಲ ಖಾದರ್ ಮಾಮ ಬಂದಾಗ ಅಪ್ಪ ದೊಡ್ಡ ಜೊತೆಯ ಮೇಲೆ ಕೈಯಿಟ್ಟು, "ಇದೇ ಇರ್ಲಿ" ಅಂದ. "ನಂಗೆ ಗೊತ್ತಾಗ್ಲಿಲ್ಲ. ನಿಂಗೂ ಶೋಭಿಗೂ ಸರಿ ಅನ್ನಿಸ್ತಲ್ಲ, ಅಷ್ಟು ಸಾಕು." ಕಾರಣ ಕೇಳಿದ ಮೇಲೆ ಮಾಮ ಸುಣ್ಣದ ನೆಲದ ಮೇಲೆಯೇ ಕೂತುಬಿಟ್ಟರು. ಸೋಮವಾರ ಬೆಳಗ್ಗೆ ಅವರು ಬೆಂಗಳೂರಿಗೆ ಹೋಗಲಿಲ್ಲ. ಅದೇ ವ್ಯಾನಿನಲ್ಲಿ ಅಪ್ಪನನ್ನು ಕೋಲಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಮ್ಮ ಚಾಕಿ ಹುಳು ಇಳಿಸಿಕೊಂಡು, ಎಳೆ ಸೊಪ್ಪು ಹೆಚ್ಚುತ್ತಾ, ಗೇಟಿನ ಕಡೆ ನೋಡುತ್ತಾ ಇದ್ದಳು.

ಕಿವಿಯ ಹಿಂದಿನ ನರದ ಮೇಲೆ ಗಡ್ಡೆ ಬೆಳೆದಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆ ಕಿವಿ ಪೂರ್ತಿ ಹೋಯಿತು, ಅಪ್ಪ ಉಳಿದ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಅಂದರಂತೆ. ಬೇಕಾಗಿದ್ದು ಮಾತ್ರ ಕೇಳಿಸುತ್ತೆ ಎನ್ನುವ ಮಾತು ಅಮ್ಮನ ಬಾಯಲ್ಲಿ ಮತ್ತೆ ಬರಲಿಲ್ಲ.

ಆಮೇಲೆ ಪ್ರತಿ ಬೆಳೆಯ ಬಿಡುವಿನಲ್ಲೂ ಎರಡೂ ಸ್ಪೀಕರುಗಳು ಹಾಡಿದವು. ಒಂದೇ ಸಾಕಲ್ಲ ಎಂದರೆ, "ನೀವು ಕೇಳ್ರಮ್ಮ, ನಾನು ನಿಮ್ ಮುಖ ನೋಡ್ತೀನಿ" ಅನ್ನುತ್ತಿದ್ದ. ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಸೊಪ್ಪಿಗೆ ಬಿದ್ದಾಗ ಹನಿ ಮಳೆ ಸುರಿದಂಥ ಸದ್ದು ಬರುತ್ತದೆ. ಬಲ ಕಿವಿಯನ್ನು ಹುಳುವಿನ ತಟ್ಟೆಗೆ ಹತ್ತಿರ ತಂದು ಅದನ್ನು ಕೇಳುತ್ತಿದ್ದ. ಯಾರೂ ಹೇಳಿಕೊಡದೆಯೇ ನಾವು ಅವನ ಬಲಕ್ಕೆ ನಡೆಯುವುದನ್ನು ಕಲಿತೆವು. ಡೇರಿಗೆ, ಸಂತೆಗೆ, ನನ್ನ ಮದುವೆಯ ದಿನ ಛತ್ರದ ಮೆಟ್ಟಿಲ ಮೇಲೆ ಕೂಡ ನಾನು ಅವನ ಬಲಗಡೆಯೇ ಇದ್ದೆ.

ಅಪ್ಪ ಹೋಗಿ ಇದು ಮೊದಲನೇ ಅವರೆಕಾಯಿ ಕಾಲ. ಬಿದಿರಿನ ಚಂದ್ರಿಕೆಗಳ ಜಾಗಕ್ಕೆ ಪ್ಲಾಸ್ಟಿಕ್ಕಿನವು ಬಂದು ಬಹಳ ದಿನವಾಯಿತು. ಹೋದ ವಾರ ಊರಿಗೆ ಹೋದಾಗ ಆಂಪ್ಲಿಫೈಯರ್ ಹಾಕಿದೆ. ವಾಲ್ವು ಹತ್ತಿಕೊಂಡಿತು. ಅದೇ ಹೆಂಗಸು ಉಸಿರು ಎಳೆದುಕೊಂಡು, ಈಗಲೂ ನಟ್ಟ ನಡುವೆ ನಿಂತು ಹಾಡಿದಳು.

ಬೆಳಗ್ಗೆ ಅಮ್ಮನ ಬದಲು ನಾನೇ ಕ್ಯಾನು ಹಿಡಿದು ಡೇರಿಗೆ ಹೊರಟೆ. ಮಂಜಿತ್ತು, ಸೊಗಡೂ ಇತ್ತು. ಅರ್ಧ ದಾರಿ ಹೋದ ಮೇಲೆ ನೋಡಿಕೊಂಡೆ: ರಸ್ತೆಯ ಬಲ ಅಂಚಿನಲ್ಲಿ, ಎಡಗಡೆ ಒಬ್ಬರಿಗೆ ಜಾಗ ಬಿಟ್ಟು ನಡೆಯುತ್ತಿದ್ದೆ.

ಆ ಜಾಗದಲ್ಲಿ ಅಪ್ಪ ಇಲ್ಲ.