ಉಪ್ಪಿನ ಜಾಡಿಯ ಗ್ಯಾಸು

ಬೀದಿಯವರೆಲ್ಲ ಅವಳನ್ನು ನಿಧಾನಕ್ಕ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವನು ಅವಳ ಗಂಡನೇ. ಅವರ ಹಳೆಯ ಕಾರು ಅವನಿಗಿಂತ ಕೆಲವೇ ವರ್ಷ ಚಿಕ್ಕದು. ಅದು ಅವಳ ಕೈಗೆ ಬಂದರೆ ಸೈಕಲ್ಲಿನವರೂ ಗಂಟೆ ಬಾರಿಸಿ ಮುಂದೆ ಹೋಗುತ್ತಿದ್ದರು. ಮಲಗಿದ ಮಗುವಿನ ತಲೆಯ ಕೆಳಗಿಂದ ಕೈ ತೆಗೆಯುವಷ್ಟು ಹುಷಾರಾಗಿ ಅವಳು ಕಾರನ್ನು ತಿರುವಿನಲ್ಲಿ ತಿರುಗಿಸುತ್ತಿದ್ದಳು.

ಅದಕ್ಕೆ ಕಾರಣವಿತ್ತು, ಯಾರೂ ಕೇಳಿರಲಿಲ್ಲ ಅಷ್ಟೆ. ಪೇಟೆಯ ಎರಡು ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಕವರುಗಳನ್ನು ಅವಳು ಮನೆಯ ಹಿಂದಿನ ಶೆಡ್ಡಿನಲ್ಲಿ ಒಗೆದು, ಇಸ್ತ್ರಿ ಮಾಡಿ, ಮಡಿಸಿ, ಹಿಂದಿನ ಸೀಟಿನ ಮೇಲೆ ಕಿಟಕಿಯೆತ್ತರಕ್ಕೆ ಪೇರಿಸಿಕೊಂಡು ಹೋಗಿ ಕೊಟ್ಟುಬರುತ್ತಿದ್ದಳು. ಗಕ್ಕನೆ ಬ್ರೇಕು ಒತ್ತಿದರೆ ರಾಶಿ ಬೀಳುತ್ತದೆ. ಬಿದ್ದರೆ ಸುಕ್ಕು. ಸುಕ್ಕಾದ ಬೆಡ್‌ಶೀಟನ್ನು ಲಾಡ್ಜಿನ ಮ್ಯಾನೇಜರು ಸತ್ತ ಇಲಿಯನ್ನು ಎತ್ತಿದ ಹಾಗೆ ಎತ್ತಿ ವಾಪಸು ಕೊಡುತ್ತಾನೆ. ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾದವರ ಕಾಲಿಗೆ ಬೇಗ ಬುದ್ಧಿ ಬರುತ್ತದೆ. ಮುಂದೆ ಸಿಗ್ನಲ್ಲು ಕೆಂಪಾದದ್ದು ದೂರದಿಂದ ಕಂಡರೆ ಸಾಕು, ಅವಳು ಆಕ್ಸಿಲರೇಟರಿನಿಂದ ಕಾಲು ಎತ್ತಿಬಿಡುತ್ತಿದ್ದಳು. ಕಾರು ತನ್ನ ಪಾಡಿಗೆ ತಾನು ತೇಲಿಕೊಂಡು ಅಲ್ಲಿಗೆ ತಲುಪುವ ಹೊತ್ತಿಗೆ ದೀಪ ಹಸಿರಾಗಿರುತ್ತಿತ್ತು.

ಗಂಡ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಎಲೆಕ್ಟ್ರಿಷಿಯನ್. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಸುಟ್ಟುಹೋದ ಮೋಟಾರಿಗೆ ಜೀವ ತುಂಬುವ ಕೈ ಅವನದು. ಆದರೆ ಮನೆಯೊಳಗೆ ಮಾತ್ರ ಆ ಕೈ ಏನನ್ನಾದರೂ ತೆಗೆದುಕೊಳ್ಳುವುದಕ್ಕಷ್ಟೇ ಚಾಚುತ್ತಿತ್ತು. ನೀರಿನಿಂದ ಹೈಡ್ರೋಜನ್ ಗ್ಯಾಸು ತೆಗೆದು ಎಂಜಿನ್ನಿಗೆ ಕುಡಿಸಿದರೆ ಪೆಟ್ರೋಲು ಉಳಿಯುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ನೋಡಿದ. ಮೊದಲು ಅವನ ತಾಯಿಯ ಉಪ್ಪಿನ ಗಾಜಿನ ಜಾಡಿ ಮಾಯವಾಯಿತು. ಆಮೇಲೆ ಸ್ಟೀಲ್ ತಟ್ಟೆಗಳು. ಆಮೇಲೆ ನಿಧಾನಕ್ಕ ಬಟ್ಟೆ ಒಗೆಯುವ ಸೋಡಾ ಪುಡಿ. ತಟ್ಟೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸೋಡಾ ಕದಡಿದ ನೀರಿನಲ್ಲಿ ಇಳಿಬಿಟ್ಟು, ಕಾರಿನ ಬ್ಯಾಟರಿಯಿಂದ ವೈರು ಎಳೆದ. ಜಾಡಿಯೊಳಗೆ ಗುಳುಗುಳು ಗುಳ್ಳೆ ಎದ್ದವು. ಅದರ ಗ್ಯಾಸನ್ನು ರಬ್ಬರು ಕೊಳವೆಯಲ್ಲಿ ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ಜೋಡಿಸಿದ.

"ಊಟಕ್ಕೆ ತಟ್ಟೆ ಎಲ್ಲೋ?" ಎಂದು ತಾಯಿ ಕೇಳಿದರು.

"ಸ್ವಲ್ಪ ತಡ್ಕೋಮ್ಮಾ, ಬೆಳ್ಳಿ ತಟ್ಟೇಲೇ ಊಟ ಮಾಡಿಸ್ತೀನಿ."

"ಅಲ್ಲೀವರೆಗೆ ಏನು, ಅಂಗೈ ಮೇಲೆ ಬಡಿಸ್ಕೊಂಡು ತಿನ್ಲಾ?"

ಜಾಡಿ ಕೂರಿಸುವ ಮೊದಲೇ ಅವನು ಒಂದು ಅಳತೆ ಮಾಡಿಟ್ಟಿದ್ದ. ಪೆಟ್ರೋಲಿನ ಕೊಳವೆಯನ್ನು ಟ್ಯಾಂಕಿನಿಂದ ಕಳಚಿ ಅರ್ಧ ಲೀಟರಿನ ಬಾಟಲಿಗೆ ಸಿಕ್ಕಿಸಿ, ಊರಾಚೆಯ ನೇರ ರಸ್ತೆಯಲ್ಲಿ ಅದು ಮುಗಿಯುವ ತನಕ ಓಡಿಸಿದ್ದ. ಕಾರು ಸೇತುವೆಗಿಂತ ಈಚೆಗೇ ನಿಂತಿತ್ತು. ಜಾಡಿ ಕೂರಿಸಿದ ಮೇಲೆ ಅದೇ ಅರ್ಧ ಲೀಟರಿಗೆ ಕಾರು ಸೇತುವೆ ದಾಟಿ ಇಟ್ಟಿಗೆ ಗೂಡಿನ ಗೇಟಿನ ತನಕ ಹೋಯಿತು. ಆ ದಿನ ಅವನು ಪಕ್ಕದ ಸೀಟಿನಲ್ಲಿ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಗುಳ್ಳೆ ಕಾಯುತ್ತಿದ್ದ. ಓಡಿಸಿದವಳು ನಿಧಾನಕ್ಕ. ಅದು ಅವನ ಲೆಕ್ಕಕ್ಕೇ ಬರಲಿಲ್ಲ. ನಡುರಸ್ತೆಯಲ್ಲಿ ಇಳಿದು ಕುಣಿದ.

ಸುದ್ದಿ ಬೀದಿಗೆಲ್ಲ ಹಬ್ಬಿತು. ಹಳೆಯ ಕಾರಿಟ್ಟುಕೊಂಡಿದ್ದ ಬೇಕರಿಯವನು, ಡ್ರೈವಿಂಗ್ ಕಲಿಸುವವನು, ಇನ್ನೂ ಕೆಲವರು ತಮಗೂ ಒಂದು ಜಾಡಿ ಇರಲಿ ಎಂದರು. ಶನಿವಾರ ಸಂಜೆ ಅವನು ಶೆಡ್ಡಿನ ಬಾಗಿಲಲ್ಲಿ ನಿಂತು ಸಾರಿದ.

"ಸೋಮವಾರ ಪ್ರೆಸ್ಸಿನ ಕೆಲಸ ಬಿಡ್ತೀನಿ ಕಣೇ. ಈ ಶೆಡ್ಡು ಖಾಲಿ ಮಾಡ್ಕೊಡು, ಇಲ್ಲೇ ವರ್ಕ್‌ಶಾಪ್ ಹಾಕ್ತೀನಿ."

ಇಸ್ತ್ರಿ ಪೆಟ್ಟಿಗೆ ಅರ್ಧದಲ್ಲೇ ನಿಂತಿತು. ಒಂದೇ ಉಸಿರಿನಲ್ಲಿ ಮನೆಯ ಸಂಬಳವೂ ಹೋಗಿತ್ತು, ಅವಳು ದುಡಿಯುವ ಜಾಗವೂ ಹೋಗಿತ್ತು. ಬೇಡ ಎಂದರೆ ಹಟ ಹೆಚ್ಚುತ್ತದೆ ಎಂದು ಅವಳಿಗೆ ಗೊತ್ತು. ಬಟ್ಟೆ ಸುಡದ ಹಾಗೆ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಕೇಳಿದಳು.

"ರೀ, ಜಾಡಿ ಬಂದ ದಿನ ಡ್ರೈವರೂ ಬದಲಾಗಿದ್ಲಲ್ಲ?"

"ಅಂದ್ರೆ?"

"ಹೊಸ ಒಲೇಲಿ ಹೊಸ ಸೊಸೆ ಅಡುಗೆ ಮಾಡಿದ್ರೆ ರುಚಿ ಒಲೇದು ಅಂತೀರೋ, ಸೊಸೇದು ಅಂತೀರೋ?"

ಅವನು ಗಹಗಹಿಸಿ ನಕ್ಕ. "ನೀನು ಕಾರು ಓಡಿಸ್ತೀಯೋ ತಳ್ತೀಯೋ ಅನ್ನೋದೇ ಜನಕ್ಕೆ ಗೊತ್ತಾಗಲ್ಲ. ಅದ್ರಿಂದ ಪೆಟ್ರೋಲ್ ಉಳಿಯುತ್ತಾ?"

"ಹಾಗಾದ್ರೆ ನಾಳೆ ಅಳೆದು ನೋಡೋಣ. ನಾನು ಹೇಳಿದ ಹಾಗೆ ಅಳೀಬೇಕು. ಆಮೇಲೆ ಶೆಡ್ಡು ಬೇಕಿದ್ರೆ ತಗೊಳ್ಳಿ."

ಅವಳ ಏರ್ಪಾಡು ಸರಳವಾಗಿತ್ತು. ಜಾಡಿ ಹಿಂದಿನ ಸೀಟಿನ ಬುಡದಲ್ಲಿ, ಅದರ ಮೇಲೆ ಕಂಬಳಿ. ಸ್ವಿಚ್ಚು ಅತ್ತೆಯ ಕೈಯಲ್ಲಿ. ಅದು ಆನ್ ಇದೆಯೋ ಆಫ್ ಇದೆಯೋ ಎಂಬುದು ಕಾರು ನಿಲ್ಲುವ ತನಕ ಅತ್ತೆಯೊಬ್ಬರಿಗೇ ಗೊತ್ತಿರಬೇಕು. ಮುಂದೆ ಕೂತವರು ಹಿಂದೆ ತಿರುಗುವಂತಿಲ್ಲ. ಗಂಡ ಕೂಡಲೇ ಒಪ್ಪಿದ. ಹೆತ್ತವಳು ಮಗನ ಕೈ ಬಿಡುತ್ತಾಳೆಯೇ?

ಮೊದಲ ಸಲ ನಿಧಾನಕ್ಕನೇ ಓಡಿಸಿದಳು. ಕಾರು ಸೇತುವೆ ದಾಟಿ ಇಟ್ಟಿಗೆ ಗೂಡಿನ ಗೇಟಿನ ಮುಂದೆ ಕೆಮ್ಮಿ ನಿಂತಿತು.

"ಆನ್ ಇತ್ತು" ಎಂದರು ಅತ್ತೆ.

"ನಾನು ಹೇಳಿರ್ಲಿಲ್ವಾ?" ಅವನು ಡ್ಯಾಶ್‌ಬೋರ್ಡ್ ತಟ್ಟಿದ.

ಕೊಳವೆಯನ್ನು ಟ್ಯಾಂಕಿಗೆ ಜೋಡಿಸಿ ವಾಪಸು ಬಂದು, ಬಾಟಲಿ ತುಂಬಿ ಮತ್ತೆ ಹೊರಟರು. ಮತ್ತೆ ಅವಳದೇ ಕೈ. ಮತ್ತೆ ಸೇತುವೆ ಹಿಂದಾಯಿತು. ಕಾರು ಗೇಟನ್ನೂ ಒಂದಿಷ್ಟು ದಾಟಿ ನಿಂತಿತು.

"ಮತ್ತೆ ಆನ್ ತಾನೇ ಅಮ್ಮಾ? ಜಾಡಿ ಇಲ್ದೆ ಇಲ್ಲೀವರೆಗೆ ಬರೋಕೆ ಸಾಧ್ಯಾನೇ ಇಲ್ಲ!"

ಅತ್ತೆ ಕಂಬಳಿ ಸರಿಸಿದರು. ಜಾಡಿಯ ನೀರು ತೆಪ್ಪಗಿತ್ತು, ಒಂದು ಗುಳ್ಳೆಯೂ ಇರಲಿಲ್ಲ.

"ಹೊರಟಾಗಿಂದ ಆಫೇ ಕಣೋ."

"ನೀನು ಇವಳ ಪಕ್ಷ ಸೇರ್ಕೊಂಡೆ!"

"ನಾನು ಯಾರ ಪಕ್ಷಾನೂ ಅಲ್ಲ. ನನ್ನ ಉಪ್ಪಿನ ಜಾಡಿ ಪಕ್ಷ."

ನಿಧಾನಕ್ಕ ನಗಲಿಲ್ಲ. "ಇನ್ನೊಂದು ಸಲ. ಈಗ ನೀವು ಓಡಿಸಿ. ಕಂಬಳಿ ಬೇಡ, ಜಾಡಿ ಆನ್ ಇರ್ಲಿ, ಎಲ್ರಿಗೂ ಕಾಣೋ ಹಾಗೆ."

ವಾಪಸು ಬಂದು, ಬಾಟಲಿ ತುಂಬಿ ಮೂರನೆಯ ಸಲ ಹೊರಟರು. ಗುಳ್ಳೆಗಳು ದಾರಿಯುದ್ದಕ್ಕೂ ಗುಳುಗುಟ್ಟಿದವು. ಎಂದಿನಂತೆ ಅವನು ಲಾರಿಗಳ ಬೆನ್ನು ಹತ್ತಿದ, ಹಾರ್ನು ಬಾರಿಸಿದ, ಬ್ರೇಕು ಒತ್ತಿದ, ಮತ್ತೆ ನುಗ್ಗಿದ. ಸೇತುವೆ ಕಣ್ಣೆದುರಿಗೇ ಇತ್ತು. ಕಾರು ಅಲ್ಲಿಗೆ ತಲುಪಲಿಲ್ಲ.

ಅವನು ಇಳಿದು ಬಾನೆಟ್ಟು ಎತ್ತಿ, ಬ್ಯಾಟರಿಯಿಂದ ಜಾಡಿಗೆ ಹೋದ ವೈರನ್ನೂ ಜಾಡಿಯಿಂದ ಎಂಜಿನ್ನಿಗೆ ಬಂದ ಕೊಳವೆಯನ್ನೂ ಬೆರಳಿನಿಂದ ಹಿಡಿದು ನೋಡುತ್ತ ಬಂದ. ಮೊಂಡನಾದರೂ ಕೆಲಸ ಬಲ್ಲವನು. ಕೊನೆಗೆ ತನಗೆ ತಾನೇ ಹೇಳಿಕೊಳ್ಳುವಂತೆ ಅಂದ: "ಎಂಜಿನ್ನು ಪೆಟ್ರೋಲ್ ಕುಡಿದು ಕರೆಂಟ್ ಮಾಡುತ್ತೆ. ಆ ಕರೆಂಟಿಂದ ಗ್ಯಾಸು. ಆ ಗ್ಯಾಸನ್ನ ಮತ್ತೆ ಎಂಜಿನ್ನಿಗೇ ಕೊಡ್ತಾ ಇದೀನಿ."

"ನಮ್ಮ ಅಕ್ಕೀಲೇ ನಮಗೆ ಅನ್ನ ಮಾಡಿ ಹಾಕಿ, ಔತಣ ಕೊಟ್ಟೆ ಅಂದ್ನಂತೆ" ಎಂದರು ಅತ್ತೆ.

ಅವನು ಹೆಂಡತಿಯ ಕಡೆ ತಿರುಗಿದ. "ನೀನು ಹೇಗೆ ಓಡಿಸ್ತೀಯ?"

ಇಷ್ಟು ವರ್ಷಗಳಲ್ಲಿ ಅವನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಬೇರೆ ಯಾರಾದರೂ ಆಗಿದ್ದರೆ ಬಾಕಿಯಿದ್ದ ಮಾತನ್ನೆಲ್ಲ ಆಗಲೇ ತೀರಿಸಿಕೊಳ್ಳುತ್ತಿದ್ದರು. ಅವಳು ಹೇಳಿದ್ದು ಇಷ್ಟೇ:

"ಬೆಡ್‌ಶೀಟ್ ಬೀಳದ ಹಾಗೆ."

ಬೀದಿಯವರಿಗೆ ಅವಳು ಏನೂ ಹೇಳಲಿಲ್ಲ. "ನೀವು ಆಸೆ ಹುಟ್ಟಿಸಿದವರಿಗೆ ನೀವೇ ಹೇಳಿ" ಎಂದಳು. ಅವನೂ ಹೋಗಿ ಹೇಳಿದ, ಅದನ್ನು ಒಪ್ಪಲೇಬೇಕು. "ಜಾಡಿ ಕೆಲ್ಸ ಮಾಡಲ್ಲಪ್ಪಾ. ಮಾಡಿದ್ದು ನನ್ನ ಹೆಂಡ್ತಿ ಕಾಲು." ಬೇಕರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಡ್ರೈವಿಂಗ್ ಕಲಿಸುವವನು ನಗಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಪ್ರೆಸ್ಸಿನ ಯೂನಿಫಾರಮ್ಮಿನಲ್ಲೇ ಕಾರಿನ ಕೀಲಿ ಎತ್ತಿಕೊಂಡ. "ಇವತ್ತು ಲಾಡ್ಜಿಗೆ ನಾನೇ ಕೊಟ್ಟು ಪ್ರೆಸ್ಸಿಗೆ ಹೋಗ್ತೀನಿ."

ಸ್ವಲ್ಪ ಹೊತ್ತಿಗೇ ಅವನು ತಲೆ ತಗ್ಗಿಸಿಕೊಂಡು ಶೆಡ್ಡಿಗೆ ವಾಪಸು ಬಂದ. ಎರಡೂ ತೋಳಿನ ತುಂಬ ಮುದ್ದೆಯಾದ ಬೆಡ್‌ಶೀಟು. ನಿಧಾನಕ್ಕನ ಕೈ ಸೋಪಿನ ನೀರಿನಲ್ಲಿತ್ತು. ಅವಳು ಕೈ ತೆಗೆಯಲಿಲ್ಲ, ಗದ್ದದಿಂದಲೇ ಇಸ್ತ್ರಿ ಪೆಟ್ಟಿಗೆ ತೋರಿಸಿದಳು.

"ಮೊದಲು ನೀರು ಚಿಮುಕಿಸಿ. ಅಂಚಿಂದ ಶುರು ಮಾಡಿ."

ತಿಕ್ಕಿ ತೊಳೆದ ಜಾಡಿಯನ್ನು ಬಿಸಿಲಿಗಿಡಲು ಬಂದ ಅತ್ತೆ, ಮಗ ಬೆವರು ಸುರಿಸಿಕೊಂಡು ಇಸ್ತ್ರಿ ಮಾಡುವುದನ್ನು ಅವಸರವಿಲ್ಲದೆ ನೋಡುತ್ತ ನಿಂತರು.

ಅವನು ಎರಡನೆಯ ಸಲ ಹೊರಟಾಗ, ಬೀದಿಯ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಅವನನ್ನು ದಾಟಿಕೊಂಡು ಹೋದ.