ಕಣ್ಣಾಗ ಕೂತ ಅಮ್ಮ

ನಿಜಾಮನ ಆಳಿಕೆ ಇನ್ನೂ ಮುಗಿದಿರಲಿಲ್ಲ. ನಾನು ಹುಮನಾಬಾದಿನ ಸೊಸಿ, ಉಡಿಯಾಗ ಹಾಲು ಕುಡಿಯೋ ಮಗಳು. ಮೈಮ್ಯಾಲೆ ಸಿಡುಬಿನ ಗುಳ್ಳಿ ಎದ್ದ ದಿನಾನೇ ನಮ್ಮತ್ತಿ ಕೂಸಿನ್ನ ನನ್ನ ಕೈಯಿಂದ ತಗೊಂಡು, ಕಲ್ಯಾಣದಾಗಿದ್ದ ನಮ್ಮವ್ವನ ಕಡಿ ಕಳಿಸಿಬಿಟ್ಟಳು. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಒಗ್ಗರಣಿ ಬಂದ್, ತಲಿಗೆ ಎಣ್ಣಿ ಬಂದ್, ಹೊರಗಿನವರು ಬರೋದೂ ಬಂದ್.

"ಅಮ್ಮ ಬಂದಾಳ, ಸುಮ್ಮ ಮಲಕೋ," ಅಂದಳು ಅತ್ತಿ. ಮಲಗದ ಎಲ್ಲಿಗೆ ಹೋಗಲಿ? ಹಿಂದಿನ ಖೋಲಿಯಾಗ ಒಂದು ಚಾಪಿ, ಒಂದು ತಂಬಿಗಿ, ನಾನು. ಕಣ್ಣು ಉಬ್ಬಿ, ಕೀವು ಒಣಗಿ, ರೆಪ್ಪಿ ಅಂಟಿಕೊಂಡವು. ತೊಳಕೋಬೇಕಂತ ತಂಬಿಗಿ ತಡಕಾಡಿದೆ. ಅತ್ತಿ ಹೊಸ್ತಿಲದಿಂದಲೇ ಚೀರಿದಳು: "ಮುಟ್ಟಬ್ಯಾಡ ತಾಯಿ! ಅಮ್ಮ ಕಣ್ಣಾಗ ಕೂತಾಳ. ನೀರು ಹಾಕಿ ಎಬ್ಬಿಸಿದರ ಎರಡೂ ಕಣ್ಣು ಒಯ್ತಾಳ."

ಕೆಟ್ಟಾಕಿ ಅಲ್ಲ ಬಿಡ್ರಿ. ನನ್ನ ಸಲುವಾಗಿ ತಾನೂ ಸಪ್ಪನ್ನ ಉಂಡಳು. ದವಾಖಾನಿ ಕಂಪೌಂಡರ್ ಕಣ್ಣು ತೊಳ್ಯಾಕ ಪುಡಿ ತಂದರ, ಕೈಮುಗಿದು ಅಂಗಳದಿಂದಲೇ ವಾಪಸ್ ಕಳಿಸಿದಳು. "ಅಮ್ಮ ಇದ್ದ ಮನ್ಯಾಗ ದವಾ ಬ್ಯಾಡ್ರಿ, ಸಿಟ್ಟಾಗ್ತಾಳ." ನಾನೂ ಬೇಕು ಅನಲಿಲ್ಲ. ಅಂಜಿದ್ದೆ.

ಹಗಲು ಯಾವುದು, ರಾತ್ರಿ ಯಾವುದು ತಿಳೀತಿರಲಿಲ್ಲ. ಎದಿಯಾಗ ಹಾಲು ಕಟ್ಟಿ ನೋಯ್ತಿತ್ತು, ಕುಡಿಯೋ ಬಾಯಿ ಕಲ್ಯಾಣದಾಗ. ಸಾಯೋದರ ಹೆದರಿಕಿ ಖರೇನ ಇರಲಿಲ್ಲ. ಮಗಳ ಮಾರಿ ನೋಡತೀನೋ ಇಲ್ಲೋ, ಅದೊಂದೇ. ಆಕಿ ಮೂಗು ಹ್ಯಾಂಗಿತ್ತು ಅಂತ ನೆನಸಾಕ ಹೋದರ ನೆನಪೇ ಬರವಲ್ದು! ಗ್ವಾಡಿಗೆ ಮಾರಿ ಮಾಡಿ ಒಬ್ಬಾಕೀನೇ ಅತ್ತೆ. ಅತ್ತರ ಕಣ್ಣು ಇನ್ನಷ್ಟು ಉರೀತಿದ್ದವು.

ಮೊಸರನ್ನ ಊರಾಚಿ ಒಯ್ದಿಟ್ಟು ಅಮ್ಮನ್ನ ಕಳಿಸಿದ ಮ್ಯಾಲೆ, ಅತ್ತಿ ಹಸಿ ಅರಿವಿಲೇ ನನ್ನ ಕಣ್ಣು ಒರೆಸಿದಳು. ಬಲಗಣ್ಣಿಗೆ ಬೆಳಕು ಬಂತು. ಎಡಗಣ್ಣಾಗ ಬಿಳಿ ಹೂ ಬಿದ್ದಿತ್ತು. ಎಷ್ಟೋ ವರ್ಷದ ಮ್ಯಾಲೆ ಒಬ್ಬ ಡಾಕ್ಟರ್ ಅಂದರು: ಸಿಡುಬಿನ ವೈರಸ್ಸು ಕಣ್ಣಿಗೂ ಇಳೀತದ, ಕರಿಗುಡ್ಡಿ ಮ್ಯಾಲೆ ಹುಣ್ಣಾಗ್ತದ, ಕೀವು ತೊಳೆದು ಸ್ವಚ್ಛ ಇಟ್ಟಿದ್ದರ ಉಳೀತಿತ್ತೇನೋ. ಈಗ ಹೇಳಾಕತ್ತಾರ, ಶಾಣ್ಯಾರು!

ನಾನು ಎದ್ದು ಓಡಾಡೋ ಹಾಂಗಾಗಿ ಕೆಲವು ತಿಂಗಳಾದ ಮ್ಯಾಲೆ, ಅವ್ವ ಕೂಸಿನ್ನ ಎತಗೊಂಡು ಬಂದಳು. ಒಂದೇ ಕಣ್ಣೀಲೆ ನೋಡಿದೆ. ಮೂಗು ಅವರಪ್ಪನದ್ದೇ ಮೂಗು. ಹಲ್ಲು ಬಂದಿದ್ದವು. ಹಾ, ಎಷ್ಟು ಖುಷಿ ಆತು ಅಂತೀರಿ! ಕೈ ಚಾಚಿದೆ. ಆಕಿ ನನ್ನ ಕುಳಿಬಿದ್ದ ಮಾರಿ, ಬಿಳಿಗಣ್ಣು ನೋಡಿ, ಕಿಟಾರನೆ ಚೀರಿ, ನಮ್ಮವ್ವನ ಕೊರಳಿಗೆ ಜೋತುಬಿದ್ದು "ಅವ್ವಾ" ಅಂದಳು.

ಮಗಳ ಬಾಯಾಗ ನಾನು ಕೇಳಿದ ಮೊದಲನೇ ಮಾತು ಅದು.