ಹೊಸ್ತಿಲಲ್ಲಿ ಉಳಿದ ಒಡಪು

ನಮ್ಮ ಕಾಲದಲ್ಲಿ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಬಾಯಿಗೆ ತರುತ್ತಿರಲಿಲ್ಲ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದು ಹೆಂಗಸರು ಕೂಡಿದಾಗ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಆ ಹೆಸರನ್ನು ಸೇರಿಸಿ ಹೇಳಬೇಕಿತ್ತು. ನಾನು ಮದುವೆಯಾಗಿ ತವರೂರು ಹೊಂಬಳ ಬಿಡುವ ಮುಂಚೆ ನಮ್ಮವ್ವ ನನಗೊಂದು ಒಡಪು ಕಲಿಸಿದ್ದಳು.

"ಕರಿ ಹೊಲದಾಗ ಬಿಳಿ ಹತ್ತಿ ಅರಳ್ಯಾವ, ನಮ್ಮ ರಾಯರು ಪ್ಯಾಟಿಯಿಂದ ಮನಿಗೆ ಮರಳ್ಯಾರ."

ರಾಯರು ಎನ್ನುವುದಕ್ಕೆ ಮೊದಲು ಗಂಡನ ಹೆಸರು ಬರಬೇಕು.

ಬೆಟಗೇರಿಯ ಗಂಡನ ಮನೆಯ ಹೊಸ್ತಿಲಲ್ಲಿ ಹೆಂಗಸರು ನನ್ನನ್ನು ತಡೆದರು. ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದರು. ನಾನು ಮೊದಲ ಸಾಲು ಮುಗಿಸುವಷ್ಟರಲ್ಲಿ ನನ್ನ ಗಂಡನ ದೊಡ್ಡವ್ವ, "ಇದೆಂಥಾ ದನಿ ಯವ್ವಾ, ಗಿರಣಿ ಪಟ್ಟಾ ಹರದಂಗಾತು," ಎಂದರು. ಎಲ್ಲರೂ ನಕ್ಕರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸಂಜೆ ನನ್ನ ತಾಟಿಗೆ ಅವರೇ ತುಪ್ಪ ಬಡಿಸಿದರು. ಆದರೆ ಎರಡನೆಯ ಸಾಲು ನನ್ನ ಬಾಯಿಗೆ ಬರಲಿಲ್ಲ. ಅತ್ತೆ, "ಸಾಕ ಬಿಡ್ರಿ," ಎಂದು ಒಳಗೆ ಕರೆದುಕೊಂಡರು.

ಆಮೇಲೆ ಎಲ್ಲಿ ಒಡಪು ಶುರುವಾದರೂ ನಾನು ನೀರು ತರುವ ನೆಪದಲ್ಲಿ ಎದ್ದುಬಿಡುತ್ತಿದ್ದೆ. ನಿಮ್ಮ ಅಜ್ಜ ಗದಗಿನ ಹತ್ತಿ ಅಂಗಡಿಯಲ್ಲಿ ಗುಮಾಸ್ತರು. ನನ್ನನ್ನು ಕರೆದೊಯ್ಯಲು ಬಂದಾಗ ಸೈಕಲ್ ನಿಲ್ಲಿಸಿ, ಹೆಂಗಸರು ಕೂತ ಕೋಣೆಯ ಕಿಟಕಿಯ ಹೊರಗೆ ಕಿವಿಗೊಟ್ಟು ನಿಂತಿರುತ್ತಿದ್ದರು.

"ಇವತ್ತರ ಹೇಳಿದೇನು?" ಎಂದು ದಾರಿಯಲ್ಲಿ ಕೇಳುವರು.

"ಇಲ್ರಿ."

"ಇರಲಿ ಬಿಡು. ನನ್ನ ಹೆಸರೇನು ಓಡಿ ಹೋಗಂಗಿಲ್ಲ."

ಒಂದು ಮಧ್ಯಾಹ್ನ ಎದೆನೋವೆಂದು ಅಂಗಡಿಯಿಂದ ಬಂದು ಮಲಗಿದವರು ಮತ್ತೆ ಏಳಲಿಲ್ಲ. ನಿಮ್ಮಪ್ಪನನ್ನು ಓದಿಸಲೆಂದು ನನ್ನ ಅಣ್ಣ ಮುಂಡರಗಿಗೆ ಕರೆದೊಯ್ದ. ಅತ್ತೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾನೊಬ್ಬಳೇ ಉಳಿದೆ. ಗಂಡ ಸತ್ತವಳಿಗೆ ಯಾರೂ ಒಡಪು ಕೇಳುವುದಿಲ್ಲ; ನೆಪ ಹುಡುಕುವ ಕೆಲಸವೂ ತಪ್ಪಿತು. ಎಷ್ಟೋ ದಿನ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಹಾಲಿನವಳಿಗೆ ಕೈಸನ್ನೆ ಸಾಕಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಪಕ್ಕದ ನೇಕಾರರ ಮನೆಗೆ ಲಕ್ಷ್ಮೇಶ್ವರದಿಂದ ಸೊಸೆ ಬಂದಳು. ನಾನು ನಮ್ಮ ಕದದ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಹುಡುಗಿ ಹೊಸ್ತಿಲಲ್ಲಿ ತಡವರಿಸಿದಳು.

"ನಾಲಿಗಿ ಲಕ್ಷ್ಮೇಶ್ವರದಾಗ ಬಿಟ್ಟು ಬಂದಿಯೇನವಾ?" ಎಂದು ಯಾರೋ ಕೇಳಿದರು. ಅವಳ ಕತ್ತು ಬಾಗಿತು.

"ಸಾವಕಾಶ ಹೇಳವ್ವ. ದನಿ ಚಲೋ ಐತಿ," ಎಂದುಬಿಟ್ಟೆ.

ಎಲ್ಲರೂ ನನ್ನತ್ತ ತಿರುಗಿದರು. ಅಂಥ ಹೊತ್ತಿನಲ್ಲಿ ನನ್ನಂಥವಳು ಬಾಯಿ ಹಾಕಬಾರದಿತ್ತು. ಒಳಗೆ ಸರಿದು ಕದ ಮುಚ್ಚಿಕೊಂಡೆ. ಆಗ ಅವಳ ಒಡಪು ಕೇಳಿಸಿತು, ಪೂರ್ತಿ.

ಮರುದಿನ ಅವಳು ಹೋಳಿಗೆ ಹಿಡಿದು ಬಂದಳು.

"ಕಾಕು, ನಿನ್ನೆ ನೀವು ಹಂಗ ಅನ್ನಲಿಲ್ಲಂದ್ರ ನಾ ಅತ್ತುಬಿಡತಿದ್ದೆ. ಈಗ ನಿಮ್ಮದೊಂದು ಒಡಪು ಹೇಳ್ರಿ."

"ನನ್ನ ಯಾರು ಕೇಳ್ತಾರವ್ವ ಈಗ?"

"ನಾ ಕೇಳಾಕತ್ತೀನಲ್ರಿ."

ಹೇಳಿದೆ. ಎರಡೂ ಸಾಲು ಹೇಳಿದೆ, ನಿಮ್ಮಪ್ಪ ತನ್ನ ಹೆಸರಿನ ಜೊತೆ ಬರೆಯುವ ನಿಮ್ಮ ಅಜ್ಜನ ಹೆಸರನ್ನೂ ಸೇರಿಸಿ. "ಚಂದ ಐತ್ರಿ," ಎಂದು ಅವಳು ಖಾಲಿ ತಾಟು ತೆಗೆದುಕೊಂಡು ಹೋದಳು.

ಅವಳು ಹೋದ ಮೇಲೆ ಕಿಟಕಿ ತೆರೆದು ಇನ್ನೊಮ್ಮೆ ಹೇಳಿದೆ, ತುಸು ಜೋರಾಗಿಯೇ. ಹೊರಗೆ ಬಿಸಿಲಿತ್ತು. ನೇಕಾರರ ಮನೆಯ ಮಗ್ಗದ ಸದ್ದು ಒಂದೇ ಸಮನೆ ಕೇಳುತ್ತಿತ್ತು.